ಅತ್ತಿಗೆಯ ಚೈನು

"ಅತ್ತಿಗೆಗೆ ಒಂದು ಚೈನು ತರಬೇಕು ಕಣ್ರೀ" ಎಂದು ಬೆಳಗಿನ ಕಾಫಿ ಹೊತ್ತಿನಲ್ಲಿ ನಾನು ಹೇಳಿದ್ದೇ ತಡ, ನಮ್ಮ ಮನೆಯವರ ಮುಖ ಮುಚ್ಚಿದ್ದ ಪೇಪರು ಸರ್ರನೆ ಕೆಳಗಿಳಿಯಿತು.

"ಬಂಗಾರದ ರೇಟು ಎಲ್ಲಿಗೆ ಹೋಗಿದೆ ಗೊತ್ತಾ ನಿನಗೆ?"

"ಬಂಗಾರದ್ದಲ್ಲ, ಕಬ್ಬಿಣದ್ದು. ಸೌದೆ ಕುಯ್ಯೋ ಮಿಷನ್ನಿನ ಚೈನು."

"ಓ, ಅದಾ" ಎಂದರು. ಪೇಪರು ಮತ್ತೆ ಮೇಲೇರಿತು. ನಾನೂ 'ಓ, ಅದಾ' ಎಂದುಕೊಂಡೇ ಪರ್ಸಿಗೆ ದುಡ್ಡು ಹಾಕಿಕೊಂಡು ಹೊರಟವಳು. ಮದುವೆಯ ಚೈನು ಆರಿಸುವುದಕ್ಕೆ ನಮ್ಮಮ್ಮ, ಚಿಕ್ಕಮ್ಮ, ಸೋದರತ್ತೆ ಎಲ್ಲ ಸೇರಿ ಒಂದು ಇಡೀ ದಿನ ತೆಗೆದುಕೊಂಡಿದ್ದರು. ಕಬ್ಬಿಣದ ಚೈನು ಆರಿಸಲು ನನಗೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ಏನಾಗಬಾರದಿತ್ತೋ ಅದು ಆಗುವುದು ಒಂದು ಗೇಣಿನಲ್ಲಿ ತಪ್ಪಿತು.

ನಾನಿರುವುದು ಚಳ್ಳಕೆರೆಯಲ್ಲಿ, ತವರು ಕೊಂಡ್ಲಹಳ್ಳಿ. ನಮ್ಮದು ಮೊಳಕಾಲ್ಮೂರು ತಾಲ್ಲೂಕು ಎಂದರೆ ಸಾಕು, ಪೇಟೆಯ ಗೆಳತಿಯರು "ಓಹ್, ರೇಷ್ಮೆ ಸೀರೆ ಊರು!" ಎಂದು ಕಣ್ಣರಳಿಸುತ್ತಾರೆ. ನಿಜ, ಆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ರೇಷ್ಮೆಗೆ ಬಣ್ಣ ಕಟ್ಟಬೇಕಾದರೆ ಹಂಡೆಯಲ್ಲಿ ನೀರು ಕುದಿಯಬೇಕು, ಹಂಡೆಯ ಕೆಳಗೆ ಬೆಂಕಿ ಉರಿಯಬೇಕು ಎಂಬುದು ಸೀರೆ ಉಟ್ಟವರಿಗೆ ಯಾಕೆ ನೆನಪಾಗಬೇಕು? ಮಳೆ ಕಡಿಮೆ ಬೀಳುವ ನಮ್ಮ ಸೀಮೆಯಲ್ಲಿ ಹೊಲದಲ್ಲಿ ಶೇಂಗಾ ಕೈ ಕೊಡಬಹುದು, ಬೋರು ಬತ್ತಬಹುದು. ಆದರೆ ಎಂದೂ ಕೈ ಕೊಡದ ಬೆಳೆ ಒಂದಿದೆ. ಅದು ಬಳ್ಳಾರಿ ಜಾಲಿ.

ಈ ಜಾಲಿ ನಮ್ಮ ದೇಶದ್ದಲ್ಲ. ಅಮೆರಿಕ ಖಂಡದ್ದು. 1870ರ ದಶಕದಲ್ಲಿ, ಬರಡು ನೆಲಕ್ಕೆ ಹಸಿರು, ಬಡವರಿಗೆ ಸೌದೆ ಎಂದು ಭಾರತಕ್ಕೆ ತಂದರಂತೆ. ಬಂದ ನೆಂಟ ಮನೆಯ ಯಜಮಾನನೇ ಆಗಿಬಿಟ್ಟ. ಅದರ ಕಾಯನ್ನು ಕುರಿ, ಮೇಕೆ, ದನ ತಿಂದು ಹೋದಲ್ಲೆಲ್ಲ ಬೀಜ ಹಾಕುತ್ತವೆ. ಬುಡಕ್ಕೆ ಕಡಿದರೆ ಬುಡದಿಂದಲೇ ಹತ್ತು ಕವಲೊಡೆಯುತ್ತದೆ. ಅಣ್ಣನ ನಾಲ್ಕೆಕರೆಯಲ್ಲಿ ಹಿಂದಿನ ಎರಡೆಕರೆ ಹೀಗೆಯೇ ಜಾಲಿಯ ಪಾಲಾಗಿತ್ತು. "ಬರೋ ವರ್ಷ ಕಡಿಸಬೇಕು" ಎನ್ನುತ್ತಲೇ ಅಣ್ಣ ವರ್ಷಗಳನ್ನು ಕಳೆದ. ಆಮೇಲೆ ಒಂದು ಬೆಳಗ್ಗೆ ಅವನಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಆಸ್ಪತ್ರೆಯ ಖರ್ಚಿಗೆ ಅತ್ತಿಗೆ ಕೊರಳಲ್ಲಿದ್ದ ಎರಡೆಳೆ ಚೈನು ಬ್ಯಾಂಕಿಗೆ ಹೋಯಿತು. ಕೊರಳಿಗೆ ಅರಿಶಿನದ ದಾರ ಬಂತು.

ಗ್ಯಾಸು ಇಲ್ಲವೇ ಎಂದು ನೀವು ಕೇಳಬಹುದು. ಇದೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ನಮ್ಮ ಕೇರಿಯಲ್ಲಿ ಸಿಲಿಂಡರು ಇಲ್ಲದ ಮನೆ ಹುಡುಕಬೇಕು. ಅದಕ್ಕೂ ಬಹಳ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಬಂದಿತ್ತು. ಸೌದೆ ಕಡಿಮೆ ತಿನ್ನುವ, ಹೊಗೆಯನ್ನು ಕೊಳವೆಯಲ್ಲಿ ಮಾಡಿನಾಚೆ ಕಳಿಸುವ ಒಲೆ. ಆದರೂ ಚಹಾ, ಸಾರು ಗ್ಯಾಸಿನ ಮೇಲೆ. ಮುದ್ದೆಯ ಎಸರು, ರೊಟ್ಟಿ, ಸ್ನಾನದ ನೀರು ಸೌದೆ ಮೇಲೆ. "ಸಿಲಿಂಡರಿಗೆ ದುಡ್ಡು ಕೊಡಬೇಕು, ಜಾಲಿಗೆ ಯಾರಿಗೆ ಕೊಡಬೇಕು?" ಎನ್ನುವುದು ಅತ್ತಿಗೆಯ ಲೆಕ್ಕ. ಅದೇ ಲೆಕ್ಕದ ಮುಂದಿನ ಸಾಲು ಹೀಗಿತ್ತು: ಎರಡೆಕರೆ ಜಾಲಿ ಕಡಿದರೆ ಹೊಲವೂ ಸಿಕ್ಕಿತು, ಮದುವೆ ಅಡುಗೆಯವರಿಗೆ, ಬಣ್ಣದ ಮನೆಯವರಿಗೆ ಮಾರಲು ಸೌದೆಯೂ ಆಯಿತು. ಕೂಲಿಯವರಿಗೆ ಕೊಡಲು ದುಡ್ಡಿಲ್ಲ. ಕೊಡಲಿ ಹಿಡಿದರೆ ದಿನಕ್ಕೆ ಎರಡು ಹೊರೆ. ಸಂಘದಲ್ಲಿ ಸಾಲ ಎತ್ತಿ ಪೆಟ್ರೋಲಿನ ಮಿಷನ್ ತಂದೇಬಿಟ್ಟಳು. ಮಾರಿದವರು ಯಾರೋ "ದೊಡ್ಡದೇ ತಗೊಳ್ಳಿ, ಬೇಗ ಮುಗೀತದೆ" ಎಂದರಂತೆ. ಇಪ್ಪತ್ತು ಇಂಚಿನದು ಬಂತು.

ನಮ್ಮ ಅತ್ತಿಗೆ ಐದಡಿಯೂ ಇಲ್ಲದ ಹೆಂಗಸು. ಸೀರೆಯ ಮೇಲೆ ಅಣ್ಣನ ಹಳೇ ತುಂಬುತೋಳಿನ ಅಂಗಿ, ತಲೆಗೆ ಟವಲು, ಕಾಲಿಗೆ ಅಣ್ಣನ ಬೂಟು. ಆ ವೇಷದಲ್ಲಿ ಮಿಷನ್ ಎತ್ತಿದ ಅವಳನ್ನು ಮೊದಲ ದಿನ ನೋಡಲು ಬೇಲಿಯ ಆಚೆ ಜನ ನಿಂತಿದ್ದರಂತೆ. "ನಾನೇನು ಕುಣೀತೀನೇನ್ರೋ, ಸೌದೆ ಕುಯ್ತೀನಿ" ಎಂದು ಬೈದು ಕಳಿಸಿದಳಂತೆ. ಮಿಷನ್ ಜೊತೆ ಬಂದಿದ್ದ ಚೈನು ಎರಡು ತಿಂಗಳಿಗೆ ಸವೆಯಿತು. ಆಗ ನನಗೆ ಫೋನು.

ಅಂಗಡಿಯ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಚೈನು ಮೇಡಂ?" ಎಂದ.

"ಮರ ಕುಯ್ಯೋ ಮಿಷನ್ದು."

"ಅದೇ, ಯಾವುದು? ಪಿಚ್ ಎಷ್ಟು, ಗೇಜ್ ಎಷ್ಟು, ಕೊಂಡಿ ಎಷ್ಟು?"

ಬ್ಲೌಸಿನ ಅಳತೆ ಕೇಳಿದ್ದರೆ ಹೇಳುತ್ತಿದ್ದೆ. ಹದಿನೆಂಟಕ್ಕೂ ಇಪ್ಪತ್ತಕ್ಕೂ ವ್ಯತ್ಯಾಸ ಏನು ಎಂದು ತಿಳಿಯದೆ, "ಸಾಧಾರಣ ಸೈಜಿಂದು ಕೊಡಪ್ಪ" ಎಂದೆ. ಅವನು ಕೊಟ್ಟ. ಬಸ್ಸಿನವರ ಕೈಯಲ್ಲಿ ಕಳಿಸಿದೆ. ರಾತ್ರಿ ಅತ್ತಿಗೆಯ ಫೋನು ಬಂತು. "ಗಿಡ್ಡ ಆಗೈತೆ ಕಣೆ. ಹತ್ತೋದೇ ಇಲ್ಲ." ವಾಪಸ್ಸು ಮಾಡಲು ಹೋದರೆ ಅಂಗಡಿಯವರು ಗೋಡೆಯ ಬೋರ್ಡು ತೋರಿಸಿದರು: ಮಾರಿದ ಸಾಮಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಕುಕ್ಕರಿನ ರಬ್ಬರು ತರುವಾಗ ಹಳೇ ರಬ್ಬರನ್ನು ಚೀಲದಲ್ಲಿ ಹಾಕಿಕೊಂಡು ಹೋಗುವಷ್ಟು ಬುದ್ಧಿ ನಮಗೆಲ್ಲ ಇದೆ. ಇಲ್ಲಿ ಮಾತ್ರ ಆ ಬುದ್ಧಿ ಎಲ್ಲಿ ಹೋಗಿತ್ತೋ. ಮುಂದಿನ ಭಾನುವಾರ ನಾನೇ ಕೊಂಡ್ಲಹಳ್ಳಿಗೆ ಹೋದೆ. ಹಳೇ ಚೈನನ್ನು ಪಡಸಾಲೆಯಲ್ಲಿ ಹಾಸಿ, ಒಂದು ಕೊಂಡಿಗೆ ಸುಣ್ಣದ ಚುಕ್ಕೆ ಇಟ್ಟು, ಹೂ ಎಣಿಸಿದ ಹಾಗೆ ಒಳಗಡೆಯ ಕೊಂಡಿಗಳನ್ನು ಎಣಿಸಿದೆವು. ಎಣಿಸಬೇಕಾದದ್ದು ಮೇಲಿನ ಹಲ್ಲನ್ನಲ್ಲ. ಪಟ್ಟಿಯ ಸೀಳಿನೊಳಗೆ ಇಳಿದು ಓಡುವ ನಾಲಿಗೆಯಂಥ ಕೊಂಡಿಗಳನ್ನು. ಎಪ್ಪತ್ತಾರು. ನಾನು ಕಳಿಸಿದ್ದರಲ್ಲಿ ಎಪ್ಪತ್ತೆರಡು. ಪಿಚ್ ಎಂದರೆ ಕೊಂಡಿ ಕೊಂಡಿಯ ನಡುವಿನ ಅಂತರ. ಒಂದರ ಪಕ್ಕ ಒಂದಿರುವ ಮೂರು ರಿವೆಟ್ಟು ಹಿಡಿದು, ಮೊದಲನೆಯದರಿಂದ ಮೂರನೆಯದಕ್ಕೆ ಅಳೆದು, ಅರ್ಧ ಮಾಡಬೇಕು. ಮಗಳ ಕಂಪಾಸಿನ ಪೆಟ್ಟಿಗೆಯ ಸ್ಕೇಲಿಟ್ಟು ನೋಡಿದರೆ ಹದಿನಾರೂವರೆ ಮಿಲಿಮೀಟರು. ಅರ್ಧ ಎಂದರೆ ಎಂಟೂಕಾಲು. ಅಂಗಡಿಯ ಭಾಷೆಯಲ್ಲಿ ಅದು 0.325 ಇಂಚು. ಗೇಜ್ ಎಂದರೆ ಆ ನಾಲಿಗೆಯ ದಪ್ಪ: ಒಂದೂವರೆ ಮಿಲಿಮೀಟರು, 0.058 ಇಂಚು. ದಪ್ಪ ಹೆಚ್ಚಾದರೆ ಸೀಳಿಗೆ ಇಳಿಯದು, ಕಡಿಮೆಯಾದರೆ ಗಡಗಡ ಅಲ್ಲಾಡುತ್ತದೆ. ಪಿಚ್ ಬೇರೆಯಾದರೆ ಒಳಗಿನ ಹಲ್ಲಿನ ಚಕ್ರಕ್ಕೆ ಕೂರುವುದೇ ಇಲ್ಲ.

ಇಷ್ಟೆಲ್ಲ ಅಳೆದು ಚೀಟಿಯಲ್ಲಿ ಬರೆದುಕೊಂಡ ಮೇಲೆ ಅತ್ತಿಗೆ ಮಿಷನ್ನಿನ ಪಟ್ಟಿಯ ಬುಡದ ಎಣ್ಣೆ ಜಿಡ್ಡನ್ನು ಬಟ್ಟೆಯಿಂದ ಒರೆಸಿದಳು. ಅಲ್ಲಿ ಮೂರೂ ಸಂಖ್ಯೆಗಳು ಅಚ್ಚಾಗಿದ್ದವು! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಅಣ್ಣ ಮಂಚದ ಮೇಲಿಂದ, "ಓದು ಬರೋರಿಗೆ ಇಷ್ಟು ಕಷ್ಟ ನೋಡು" ಎಂದ.

ಈ ಸಲ ನಾನು ಅಂಗಡಿಗೆ ಗತ್ತಿನಿಂದಲೇ ಹೋದೆ. "ಪಾಯಿಂಟ್ ಮೂರು ಎರಡು ಐದು, ಪಾಯಿಂಟ್ ಸೊನ್ನೆ ಐದು ಎಂಟು, ಎಪ್ಪತ್ತಾರು ಕೊಂಡಿ" ಎಂದು ಒಂದೇ ಉಸಿರಿಗೆ ಹೇಳಿದೆ. ಹುಡುಗ ಎರಡು ಡಬ್ಬಿ ಮುಂದಿಟ್ಟು, "ಯಾವುದು ಬೇಕು?" ಎಂದ. ಎರಡೂ ಅದೇ ಅಳತೆ. ಮತ್ತೇನು ವ್ಯತ್ಯಾಸವೋ ನನಗೆ ಗೊತ್ತಿಲ್ಲ. ಗತ್ತು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. "ಯಾವುದು ಬೇಗ ಕುಯ್ಯುತ್ತೋ ಅದು ಕೊಡಿ" ಎಂದುಬಿಟ್ಟೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮೊದಲ ದಿನ ಅತ್ತಿಗೆ ಹಿಗ್ಗಿಹೋಗಿದ್ದಳು. "ಬೆಣ್ಣೇಲಿ ಕೂದಲು ತೆಗೆದಂಗೆ ಹೋಗ್ತೈತೆ ಕಣೆ!" ಎಂದಳು. ಮೂರನೇ ದಿನ ಫೋನಿನಲ್ಲಿ ಸ್ವರ ಇಳಿದಿತ್ತು. "ಹುಡಿ ಉದುರ್ತೈತೆ, ಹೊಗೆ ಬರ್ತೈತೆ. ಮೈಭಾರ ಬಿಟ್ಟು ಒತ್ತಬೇಕು." ಹೊಸದಲ್ಲವೇ, ಪಳಗಲಿ ಎಂದು ಸಮಾಧಾನ ಹೇಳಿದೆ. ನನಗೆ ತಿಳಿದಿದ್ದು ಅಷ್ಟೇ.

ಮುಂದಿನ ವಾರ ಹೋದಾಗ ಹಿತ್ತಲಲ್ಲಿ ಒಣಹಾಕಿದ್ದ ಬಟ್ಟೆ ತೆಗೆಯುತ್ತಿದ್ದೆ. ಅತ್ತಿಗೆ ತಲೆಗೆ ಕಟ್ಟುವ ಟವಲು ಸಿಕ್ಕಿತು. ಒಂದು ಅಂಚಿನಿಂದ ಗೇಣುದ್ದ ಸೀಳಿತ್ತು. ಹರಿದ ಸೀಳಲ್ಲ. ಹರಿದದ್ದು ಯಾವುದು, ಕುಯ್ದದ್ದು ಯಾವುದು ಎಂದು ಹೊಲಿಗೆ ಗೊತ್ತಿರುವವರಿಗೆ ಕಣ್ಣಿಗೇ ತಿಳಿಯುತ್ತದೆ. ಅಂಚಿನ ದಾರಗಳೆಲ್ಲ ಜಗಿದು ಉಗುಳಿದಂತೆ ಜೂಲು ಜೂಲಾಗಿದ್ದವು. ಟವಲು ಹಿಡಿದುಕೊಂಡೇ ಅಡುಗೆಮನೆಗೆ ಬಂದೆ. ಅತ್ತಿಗೆ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಟವಲು ತಾನೆ. ಹೋಗಲಿ ಬಿಡು. ನಿಮ್ಮಣ್ಣಂಗೆ ಹೇಳಬೇಡ."

ನಡೆದದ್ದು ಇಷ್ಟು. ಮೊಂಡಾದ ಚೈನನ್ನು ಜೋರಾಗಿ ಒತ್ತುತ್ತಿದ್ದಾಗ ಪಟ್ಟಿಯ ಮೂತಿ ಹಿಂದಿನ ಇನ್ನೊಂದು ಕವಲಿಗೆ ತಾಗಿದೆ. ತಾಗಿದ ಕ್ಷಣಕ್ಕೇ ಮಿಷನ್ ಒದ್ದ ಕುದುರೆಯ ಹಾಗೆ ಮೇಲಕ್ಕೆ, ಅವಳ ಮುಖದ ಕಡೆಗೇ ಎದ್ದಿದೆ. ಮುಂದಿನ ಹಿಡಿಯ ಕಾಪು ಕೈಗೆ ಬಡಿದು ಬ್ರೇಕು ಬಿದ್ದು ಚೈನು ನಿಂತಿದೆ. ನಿಲ್ಲುವ ಮೊದಲು ಭುಜದ ಮೇಲೆ ಇಳಿಬಿದ್ದಿದ್ದ ಟವಲಿನ ತುದಿಯನ್ನು ತಿಂದಿದೆ. ಅವಳು ಅಲ್ಲೇ ಕೂತು, ಸುಧಾರಿಸಿಕೊಂಡು, ಮನೆಗೆ ಬಂದು ಮುದ್ದೆ ಮಾಡಿ ಎಲ್ಲರಿಗೂ ಬಡಿಸಿದ್ದಾಳೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಳತೆ ಮಾಡಿದ್ದೆ, ಲೆಕ್ಕ ಹಾಕಿದ್ದೆ. ಕೊಳ್ಳುವಾಗ ಕೇಳಿದ್ದು ಮಾತ್ರ ಬೇಗದ ಮಾತು. ಯಾವ ಮರ, ಯಾರ ಕೈ ಎಂದು ಅಂಗಡಿಯವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೆಳಗ್ಗೆ ಮೂರೂ ಚೈನುಗಳನ್ನು ಚೀಲಕ್ಕೆ ಹಾಕಿ, ಅತ್ತಿಗೆಯನ್ನೂ ಮಿಷನ್ನನ್ನೂ ಕರೆದುಕೊಂಡು ಚಳ್ಳಕೆರೆಗೆ ಬಂದೆ. ಔಷಧ ಹೊಡೆಯುವ ಪಂಪು, ಸಣ್ಣ ಎಂಜಿನ್ನು ರಿಪೇರಿ ಮಾಡುವ ಒಬ್ಬ ಹಿರಿಯರ ಬಳಿ ಹೋದೆವು. ಅವರು ಮೊದಲು ಕೇಳಿದ್ದು, "ಏನು ಮರ ತಾಯಿ?"

"ಬಳ್ಳಾರಿ ಜಾಲಿ."

"ಹಸೀದೋ, ಒಣಗಿದ್ದೋ?"

"ಎರಡೂ."

"ಹಿಡಿಯೋರು ಯಾರು?"

ಅತ್ತಿಗೆ ಸೆರಗು ಸರಿಮಾಡಿಕೊಂಡು, "ನಾನೇ" ಎಂದಳು. ಅವರು ನಗಲಿಲ್ಲ. ಅವಳ ಕೈ ನೋಡಿದರು, ಮಿಷನ್ ನೋಡಿದರು. ಆಮೇಲೆ ಎರಡು ಚೈನುಗಳನ್ನು ಅಂಗೈಯಲ್ಲಿಟ್ಟು ಹಲ್ಲುಗಳನ್ನು ತೋರಿಸಿದರು.

ನಾನು ಎರಡನೇ ಸಲ ತಂದ ಚೈನಿನ ಹಲ್ಲಿನ ಮೂಲೆ ಚೌಕವಾಗಿ, ಚೂಪಾಗಿತ್ತು. ಮಣ್ಣು ಧೂಳಿಲ್ಲದ ಮೆತ್ತನೆಯ ಮರಕ್ಕೆ ಅದನ್ನು ಬಿಟ್ಟರೆ ಇಲ್ಲ. ಆದರೆ ಚೂಪು ಮೂಲೆ ಬೇಗ ಮುಕ್ಕಾಗುತ್ತದೆ. ನಮ್ಮ ಜಾಲಿಯ ತೊಗಟೆಯ ಬಿರುಕಿನಲ್ಲೆಲ್ಲ ಗಾಳಿ ತಂದು ತುಂಬಿದ ಮರಳು. ಒಣಗಿದ ಮೇಲಂತೂ ಒಳಮರ ಕಲ್ಲು. ಒಂದು ಮುಟ್ಟು ಹೋಗಿ ನೆಲಕ್ಕೆ ತಾಗಿದರೂ ಆ ಹಲ್ಲು ಮುಗಿಯಿತು. ಮೊದಲು ತಂದಿದ್ದ ಗಿಡ್ಡ ಚೈನಿನ ಹಲ್ಲಿನ ಮೂಲೆ ಸ್ವಲ್ಪ ದುಂಡು. ಅದು ಒಂದು ಗಳಿಗೆ ನಿಧಾನ, ಆದರೆ ಧೂಳು ತಡೆಯುತ್ತದೆ, ಹೆಚ್ಚು ಹೊತ್ತು ಹರಿತ ಉಳಿಸಿಕೊಳ್ಳುತ್ತದೆ, ಅರೆಯುವುದೂ ಸುಲಭ. ಜೊತೆಗೆ ಅದರಲ್ಲಿ ಹಲ್ಲಿನ ಮುಂದೆ ಒಂದೊಂದು ಗುಬ್ಬಿಯಂಥ ತಡೆಕೊಂಡಿ ಇತ್ತು. ಮೂತಿ ತಾಗಿದರೂ ಹಲ್ಲು ಒಮ್ಮೆಗೇ ಆಳಕ್ಕೆ ಕಚ್ಚದಂತೆ ಅದು ತಡೆಯುತ್ತದೆ, ಒದೆತ ಕಡಿಮೆ. ಇಲ್ಲವೇ ಇಲ್ಲ ಎಂದಲ್ಲ, ಕಡಿಮೆ.

"ಸೌದೆಗೆ ಇದೇ ಸರಿ. ಬೇಗ ಕುಯ್ಯೋದಲ್ಲ ತಾಯಿ, ಸಂಜೆವರೆಗೂ ಕುಯ್ಯೋದು ಬೇಕು" ಎಂದರು.

"ಆದರೆ ಇದು ಗಿಡ್ಡ" ಎಂದೆ ನಾನು.

"ಚೈನು ಗಿಡ್ಡ ಅಲ್ಲ. ಪಟ್ಟಿ ಉದ್ದ."

ಜಾಲಿಯ ಕವಲು ತೊಡೆ ದಪ್ಪ ಮೀರುವುದು ಅಪರೂಪ. ಅದಕ್ಕೆ ಇಪ್ಪತ್ತು ಇಂಚಿನ ಪಟ್ಟಿ ಏಕೆ? ಮೂತಿ ಉದ್ದವಾದಷ್ಟೂ ಮುಂಭಾರ, ಕಣ್ಣಿಗೆ ಕಾಣದ ಕಡೆ ತಾಗುವ ಭಯ. ಹದಿನೆಂಟು ಇಂಚಿನ ಪಟ್ಟಿ ಹಾಕಿದರು. ನಾನು ದಡ್ಡತನದಿಂದ ಕೊಂಡಿದ್ದ ಎಪ್ಪತ್ತೆರಡು ಕೊಂಡಿಯ ಚೈನು ಅದರ ಮೇಲೆ ಹೇಳಿ ಮಾಡಿಸಿದ ಹಾಗೆ ಕೂತಿತು. ಮಾರಿದ ಸಾಮಾನು ಹಿಂದಕ್ಕೆ ತೆಗೆದುಕೊಳ್ಳದ ಅಂಗಡಿಯವರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿದೆ.

ಆಮೇಲೆ ಒಂದು ಕಡೆ ಓದಿದೆ. ಈಗಿನ ಚೈನಿನ ಹಲ್ಲಿಗೆ ಮೂಲ ಒಂದು ಹುಳವಂತೆ! ಅಮೆರಿಕದ ಒರೆಗಾನ್ ಸೀಮೆಯಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು 1946ರಲ್ಲಿ ಒಂದು ದಿನ ಸೌದೆ ಒಡೆಯುತ್ತಿದ್ದಾಗ ಮರದ ಬೊಡ್ಡೆಯಲ್ಲಿ ಬೆರಳು ಗಾತ್ರದ ಒಂದು ಹುಳ ಕಂಡ. ಗಟ್ಟಿ ಮರವನ್ನು ಅದು ಅಡ್ಡಕ್ಕೂ ಉದ್ದಕ್ಕೂ ಸಲೀಸಾಗಿ ಕೊರೆಯುತ್ತಿತ್ತು. ಹತ್ತಿರದಿಂದ ನೋಡಿದರೆ, ಬಾಗಿದ ಎರಡು ದವಡೆಗಳಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಚ್ಚುತ್ತ ಹೋಗುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಚೈನು ತಯಾರಿಸಿದ. ಇವತ್ತಿಗೂ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಇರುವುದು ಅದಕ್ಕೇ. ಇದನ್ನು ಹೇಳಿದರೆ ಅತ್ತಿಗೆ, "ಹುಳಕ್ಕೆ ಅವಸರ ಇರಲ್ಲ, ಅದಕ್ಕೇ ಅದಕ್ಕೆ ಗೊತ್ತಾಗೈತೆ" ಎಂದಳು.

ಆ ಹಿರಿಯರು ಅತ್ತಿಗೆಗೆ ಅರೆಯುವುದನ್ನೂ ಕಲಿಸಿದರು. ಈ ಅಳತೆಯ ಹಲ್ಲಿಗೆ 4.8 ಮಿಲಿಮೀಟರಿನ ದುಂಡು ಅರ. ಒಳಗಿಂದ ಹೊರಕ್ಕೆ ಒಂದೇ ದಿಕ್ಕಿಗೆ ದೂಡಬೇಕು, ಹಿಂದಕ್ಕೆ ಎಳೆಯಬಾರದು. ಮೊದಲು ಒಂದು ಕಡೆಯ ಹಲ್ಲುಗಳು, ಆಮೇಲೆ ಇನ್ನೊಂದು ಕಡೆಯವು. ಒಂದು ಹಲ್ಲಿಗೆ ಮೂರು ಸಲ ಎಂದರೆ ಎಲ್ಲದಕ್ಕೂ ಮೂರೇ ಸಲ. ಇಲ್ಲದಿದ್ದರೆ ಮಿಷನ್ ಸೊಟ್ಟ ಕುಯ್ಯುತ್ತದೆ. ಕಮ್ಮಾರನ ಮುಂದೆ ಕೂತು ಕುಡುಗೋಲಿಗೆ ಕಕ್ಕು ಹಾಕಿಸಿ ಗೊತ್ತಿದ್ದ ಅತ್ತಿಗೆಗೆ ಇದು ಬೇಗ ಹಿಡಿಯಿತು. ಚಿಕ್ಕಿ ಚಿಕ್ಕಿಯಾಗಿ ಚಕ್ಕೆ ಉದುರಿದರೆ ಹರಿತ ಇದೆ. ಹಿಟ್ಟಿನಂಥ ಹುಡಿ ಬಂದರೆ ನಿಲ್ಲಿಸಿ ಅರೆಯಬೇಕು, ಒತ್ತಬಾರದು. ಚೈನು ಕೈಯಲ್ಲಿ ಎಳೆದರೆ ಓಡಬೇಕು, ಪಟ್ಟಿಯ ಕೆಳಗೆ ಜೋತುಬೀಳಬಾರದು. ಬಿಸಿಯಾದಾಗ ಹಿಗ್ಗುತ್ತದೆಂದು ಬಿಗಿ ಮಾಡಿದ್ದರೆ, ಕೆಲಸ ಮುಗಿದ ಮೇಲೆ ಸಡಿಲಿಸಬೇಕು. ಚೈನಿನ ಎಣ್ಣೆ ಖಾಲಿಯಾಗಬಾರದು. ಭುಜದಿಂದ ಮೇಲಕ್ಕೆ ಎತ್ತಿ ಕುಯ್ಯಬಾರದು. ಮೂತಿಯಿಂದ ಎಂದೂ ಮುಟ್ಟಬಾರದು. ತಲೆಯ ಬಟ್ಟೆಯ ತುದಿ ಇಳಿಬೀಳಬಾರದು. ಇದನ್ನು ಅವರು ಹೇಳುವಾಗ ಅತ್ತಿಗೆ ನನ್ನ ಕಡೆ ನೋಡಲಿಲ್ಲ. ನಾನೂ ಅವಳ ಕಡೆ ನೋಡಲಿಲ್ಲ.

ಇನ್ನೊಂದನ್ನು ಅವಳೇ ಕಂಡುಕೊಂಡಳು. ಜಾಲಿಯನ್ನು ಹಸಿಯಲ್ಲೇ ತುಂಡು ಮಾಡಿ, ಸೀಳಿ, ಬಿಸಿಲಿಗೆ ಒಟ್ಟುತ್ತಾಳೆ. ಒಣಗಿಸಿ ಕುಯ್ಯುವ ಗೋಜಿಗೆ ಹೋಗುವುದಿಲ್ಲ. ಕುಯ್ಯುವ ಜಾಗದಲ್ಲಿ ತೊಗಟೆಯನ್ನು ಮಚ್ಚಿನಿಂದ ಒಂದೇಟು ಹೆರೆದು ಮರಳು ಉದುರಿಸುತ್ತಾಳೆ. ಚೈನು ಈಗ ಮೊದಲಿಗಿಂತ ಹೆಚ್ಚು ದಿನ ಬಾಳುತ್ತಿದೆ.

ಎರಡೆಕರೆಯಲ್ಲಿ ಅರ್ಧ ಬಯಲಾಗಿದೆ. ಬುಡ ಕಿತ್ತಲ್ಲಿ ಈ ಸಲ ಶೇಂಗಾ ಹಾಕಿದ್ದಾರೆ. ಅಣ್ಣ ಬಲಗೈಯಲ್ಲಿ ಕೋಲು ಹಿಡಿದು ಹೊಲದವರೆಗೂ ಬರುತ್ತಾನೆ, ದೂರ ಕೂತು ಕೊಂಡಿ ಬಿಗಿಯಿದೆಯಾ, ಎಣ್ಣೆ ಇದೆಯಾ ಎಂದು ಕೂಗುತ್ತಿರುತ್ತಾನೆ. ಟವಲಿನ ಕಥೆ ಅವನಿಗೆ ಇನ್ನೂ ಗೊತ್ತಿಲ್ಲ. ಅದರ ಒಂದು ತುಂಡು ಈಗ ಹೊರೆಯ ಸಿಂಬಿಯಾಗಿದೆ, ಇನ್ನೊಂದು ತುಂಡಿನಲ್ಲಿ ಹಳೇ ಚೈನುಗಳನ್ನು ಎಣ್ಣೆ ಸವರಿ ಸುತ್ತಿ ಅಡುಗೆಮನೆಯ ಮೊಳೆಗೆ ನೇತುಹಾಕಿದ್ದಾಳೆ.

ಹೋದ ಸಲ ಬ್ಯಾಂಕಿನಲ್ಲಿರುವ ಚೈನು ಯಾವಾಗ ಬಿಡಿಸುತ್ತೀ ಎಂದು ಕೇಳಿದೆ. "ಬಡ್ಡಿ ಕಟ್ಟಿದೀನಿ. ಅಸಲು ಹೊಲದಲ್ಲೈತೆ" ಎಂದಳು. ಆಮೇಲೆ ನಗುತ್ತ, "ನನಗೇನು ಕಮ್ಮಿ? ನಾಲ್ಕು ಚೈನಿನ ಒಡತಿ. ಒಂದು ಬ್ಯಾಂಕಿನಾಗೆ, ಎರಡು ಮೊಳೆ ಮ್ಯಾಲೆ, ಒಂದು ಮಿಷನ್ ಮ್ಯಾಲೆ" ಎಂದಳು.

ಬಸ್ಸು ಹತ್ತುವಾಗ ಕಿಟಕಿಯ ಬಳಿ ಬಂದು ಮೆಲ್ಲಗೆ ಹೇಳಿದಳು. "ಬರೋ ವಾರ ಬರುವಾಗ ದುಂಡು ಅರ ಒಂದು ತಗೊಂಬಾ. ನಾಲ್ಕು ಪಾಯಿಂಟ್ ಎಂಟು. ಅಂಗಡಿಯವನು ಬೇರೆ ಏನು ಕೊಟ್ಟರೂ ತರಬೇಡ."